ಆರನೇ ಕೋಟೆಯ ಅತ್ತೆ

ನಾನು ಗಿರಾಕಿಗಳಿಗೆ ಕಣ್ಣು ಹೊಡೆಯುತ್ತೇನೆ ಎಂಬ ಸುದ್ದಿ ಬಬಲೇಶ್ವರದ ಪೇಟೆಯಲ್ಲಿ ಹಬ್ಬಿದ್ದು ಒಂದು ಸಂತೆಯ ದಿನ. ನನ್ನದು ಮ್ಯಾಚಿಂಗ್ ಸೆಂಟರು. ಸೀರೆಗೆ ಹೊಂದುವ ಬ್ಲೌಸ್ ಪೀಸು, ಫಾಲ್ಸು, ಅಸ್ತರು, ದಾರ ಮಾರುತ್ತೇನೆ. ಬರುವವರೆಲ್ಲ ಹೆಣ್ಣುಮಕ್ಕಳು, ಅವರಿಗೆ ಕಣ್ಣು ಹೊಡೆದು ನನಗೆ ಆಗಬೇಕಾದ್ದೇನೂ ಇಲ್ಲ. ಆದರೂ ಗಿಳಿಹಸಿರು ಸೀರೆಯ ಸೆರಗು ಹಿಡಿದು ನಿಂತಿದ್ದ ಹಿರಿಯ ಹೆಣ್ಣುಮಗಳೊಬ್ಬಳು ನನ್ನ ಮುಖವನ್ನೇ ನೋಡುತ್ತ, "ಯಾಕ ಬೇ ಸುವರ್ಣಾ, ಕಣ್ಸನ್ನಿ ಮಾಡಾಕತ್ತೀ? ಈ ಬಣ್ಣ ಬ್ಯಾಡಂತೀಯೇನ?" ಎಂದು ಮೆಲ್ಲಗೆ ಕೇಳಿದಳು. ಇಲ್ಲವೆಂದರೂ ನಂಬಲಿಲ್ಲ. ನಾನು ಗುಟ್ಟಾಗಿ ಉಪಕಾರ ಮಾಡಿದೆನೆಂದು ತಿಳಿದು, ಬೇರೆ ಬಣ್ಣ ಆರಿಸಿಕೊಂಡು ಹೋದಳು.

ಸುದ್ದಿ ನಮ್ಮ ಮನೆಯವರಿಗೂ ಮುಟ್ಟಿತು. ಅವರ ಹೆಸರು ಮೈಲಾರಪ್ಪ. ತಿಕೋಟಾದ ಶೆಡ್ಡುಗಳಲ್ಲಿ ಒಣದ್ರಾಕ್ಷಿ ಕೊಳ್ಳುವ ವ್ಯಾಪಾರ ಅವರದು. ಮಾತು ಕಡಿಮೆ, ಚೇಷ್ಟೆ ಜಾಸ್ತಿ. "ಮದಿವಿ ಆದಾಗಿಂದ ನನಗ ಒಮ್ಮೆರ ಕಣ್ಣ ಹೊಡದೀಯೇನ? ಊರ ಮಂದಿಗೆಲ್ಲಾ ಹೊಡ್ಯಾಕತ್ತೀಯಂತ" ಎನ್ನುತ್ತಲೇ ಒಳಗೆ ಬಂದರು. ಆಮೇಲೆ ನನ್ನ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದರು. ಅವರ ನಗು ನಿಂತಿತು. ನನ್ನ ಎಡಗಣ್ಣಿನ ರೆಪ್ಪೆ ಅರ್ಧ ಶಟರ್ ಎಳೆದ ಅಂಗಡಿಯ ಹಾಗೆ ಇಳಿದುಬಿಟ್ಟಿತ್ತು.

ಬೆಳಿಗ್ಗೆ ಎಲ್ಲ ಸರಿಯಾಗಿಯೇ ಇರುತ್ತಿತ್ತು. ಮಧ್ಯಾಹ್ನಕ್ಕೆ ಒಂದು ಸೂಜಿ ಎರಡಾಗಿ ಕಾಣುತ್ತಿತ್ತು. ಸಂಜೆಗೆ ರೊಟ್ಟಿ ಅಗಿಯುವಷ್ಟರಲ್ಲಿ ದವಡೆ ಸೋಲುತ್ತಿತ್ತು, ಮಾತು ಮೂಗಿನಿಂದ ಬರುತ್ತಿತ್ತು. ಇನ್ನೊಂದು ವಿಚಿತ್ರವಿತ್ತು: ನಕ್ಕರೆ ತುಟಿಯ ತುದಿಗಳು ಮೇಲೇಳದೆ, ನೋಡುವವರಿಗೆ ನಾನು ಅಳುತ್ತಿರುವ ಹಾಗೆ ಕಾಣುತ್ತಿತ್ತು. ನಮ್ಮವರ ಚೇಷ್ಟೆಗೆ ನಾನು ನಕ್ಕಾಗಲೆಲ್ಲ ಅತ್ತೆ ಒಳಗಿನಿಂದ ಓಡಿ ಬಂದು ಮಗನನ್ನು ಬೈಯುತ್ತಿದ್ದರು.

ಅತ್ತೆ ಗಂಗವ್ವ ಮಮದಾಪುರದ ಕುರಿಕಾರರ ಮನೆಯ ಮಗಳು. ಕೆರೆಯ ಆ ದಂಡೆಯಲ್ಲಿದ್ದ ಕುರಿಯನ್ನು ಈ ದಂಡೆಯಿಂದ ಕರೆದು ಬೆಳೆದ ದನಿ ಅವರದು. ಮನೆಯಲ್ಲಿ ಏನೇ ನಡೆದಿರಲಿ, ಜಗಳವಿರಲಿ, ಲೆಕ್ಕವಿರಲಿ, ಬೀಗರು ಬಂದು ಗಂಭೀರವಾಗಿ ಮಾತಾಡುತ್ತಿರಲಿ, ಹೊತ್ತಾದ ಕೂಡಲೇ ಅಡುಗೆಮನೆಯ ಬಾಗಿಲಲ್ಲಿ ನಿಂತು ಒಂದೇ ಮಾತು: "ನಡೀರಿ ಊಟಕ್ಕ, ರೊಟ್ಟಿ ಆರಾಕತ್ತಾವ." ಆ ಮಾತಿನ ಮುಂದೆ ಎಂಥ ಜಗಳವೂ ನಿಂತದ್ದನ್ನು ನಾನು ನೋಡಿಲ್ಲ.

ಇಷ್ಟೆಲ್ಲದರಲ್ಲಿ ನನಗೆ ದೊಡ್ಡ ಸಂಕಟ ಯಾವುದೆಂದರೆ ಓದಲು ಆಗದಿದ್ದದ್ದು. ಯಾರಿಗಾದರೂ ಹೇಳಿದರೆ, ತುತ್ತು ನುಂಗಲು ಬಾರದವಳಿಗೆ ಪುಸ್ತಕದ ಚಿಂತೆಯೇ ಎಂದು ನಕ್ಕಾರು. ಆದರೆ ಮಧ್ಯಾಹ್ನ ಪೇಟೆ ಮಲಗಿದಾಗ, ಬಟ್ಟೆಯ ಥಾನಿಗೆ ಬೆನ್ನು ಆನಿಸಿ ಒಂದು ಫ್ಯಾಂಟಸಿ ಕಾದಂಬರಿ ಹಿಡಿದು ಕೂರುವುದು ನನ್ನ ಬದುಕಿನ ಖುಷಿ. ಮಾತಾಡುವ ಬೆಟ್ಟ, ಉಪ್ಪಿನ ರಾಜ್ಯ, ನೆರಳನ್ನು ಅಡವಿಡುವ ಜನ. ನನಗೆ ಅವೆಲ್ಲ ಬೇಕು. ನಮ್ಮವರು ಅವನ್ನು "ನಿನ್ನ ಫಜೀತಿ ಪುಸ್ತಕ" ಎನ್ನುತ್ತಿದ್ದರು. ಫ್ಯಾಂಟಸಿ ಎಂದು ಎಷ್ಟು ತಿದ್ದಿದರೂ ಅವರ ಬಾಯಲ್ಲಿ ಅದು ಫಜೀತಿಯೇ.

ಆ ಪುಸ್ತಕಗಳನ್ನು ನನಗೆ ಹುಡುಕಿಕೊಡುತ್ತಿದ್ದವರು ನನ್ನ ಮೆಚ್ಚಿನ ಲೇಖಕಿ. ನಾನು ಅವರನ್ನು ಕಂಡವಳಲ್ಲ. ಅವರ ಕಾದಂಬರಿಗಳನ್ನೆಲ್ಲ ಎರಡೆರಡು ಸಲ ಓದಿ, ಇನ್ನೇನು ಓದಲಿ ಎಂದು ಕೈಹಿಸುಕಿಕೊಳ್ಳುತ್ತಿದ್ದಾಗ ಮೊಬೈಲಿನಲ್ಲಿ ಅವರ ಭಾನುವಾರದ ಮಾತು ಸಿಕ್ಕಿತು. ವಾರಕ್ಕೊಮ್ಮೆ, ತಮಗೆ ಹಿಡಿಸಿದ ಒಂದು ಹೊಸ ಪುಸ್ತಕದ ಬಗ್ಗೆ ಮಾತಾಡಿ ಹಾಕುತ್ತಾರೆ. "ನನ್ನ ಪುಸ್ತಕ ಕಾಯುತ್ತದೆ, ಮೊದಲು ಇದನ್ನು ಓದಿ" ಎಂದೇ ಶುರು. ತಮ್ಮ ಅಂಗಡಿಗೆ ಬಂದ ಗಿರಾಕಿಯನ್ನು ಪಕ್ಕದ ಅಂಗಡಿಗೆ ಕಳಿಸುವ ವ್ಯಾಪಾರಿಯನ್ನು ನಾನು ಅದುವರೆಗೆ ಕಂಡಿರಲಿಲ್ಲ. ಅವರು ಹೇಳಿದವರನ್ನು ಓದಿದೆ, ಹಾಗೆ ಓದಿದವರು ಯಾರನ್ನು ಹೊಗಳುತ್ತಾರೋ ಅವರನ್ನೂ ಓದಿದೆ. ಒಮ್ಮೊಮ್ಮೆ ಅವರ ಮಾತೂ ಸುಳ್ಳಾಗಿದೆ. ಒಂದು ಕಾದಂಬರಿಯಲ್ಲಿ ಅರ್ಧ ಪುಸ್ತಕ ಮುಗಿದರೂ ರಾಜಕುಮಾರ ಮೆಟ್ಟಿಲು ಹತ್ತುತ್ತಲೇ ಇದ್ದ. ಅವನನ್ನು ಅಲ್ಲಿಯೇ ಬಿಟ್ಟು ನಾನು ಇಳಿದು ಬಂದೆ. ಆದರೆ ಅಷ್ಟಕ್ಕೆ ಅವರ ಮೇಲಿನ ನಂಬಿಕೆ ಹೋಗುವಂಥದ್ದಲ್ಲ.

ಮೊದಲು ಕನ್ನಡಕ ಬದಲಿಸಿದೆ. ಆಮೇಲೆ ಅತ್ತೆ ದೃಷ್ಟಿ ತೆಗೆಸಿದರು. ಕೊನೆಗೆ ವಿಜಯಪುರದ ದೊಡ್ಡ ಆಸ್ಪತ್ರೆಯ ನರರೋಗದ ವಿಭಾಗ. ಅಲ್ಲಿಯ ಉದ್ದ ಬೆಂಚಿನ ಮೇಲೆ ಕುಳಿತು ಕಾಯುವುದಿದೆಯಲ್ಲ, ಅದರಲ್ಲಿ ಅರ್ಧ ರೋಗ. ಎದುರಿಗೆ ಕುಳಿತವರ ಕೈ ನಡುಗಿದರೆ ನಮಗೂ ನಾಳೆ ಹಾಗೆಯೇ ಎಂದು ಮನಸ್ಸು ಲೆಕ್ಕ ಹಾಕುತ್ತದೆ. ಅತ್ತೆ ಮಾತ್ರ ಒಬ್ಬೊಬ್ಬರನ್ನೂ ಯಾವ ಊರು, ಯಾರ ಪೈಕಿ ಎಂದು ವಿಚಾರಿಸುತ್ತ, ನಮ್ಮ ಸರದಿ ಬರುವಷ್ಟರಲ್ಲಿ ಬೆಂಚಿನ ಎರಡೂ ತುದಿಯವರಿಗೆ ಶೇಂಗಾ ಹೋಳಿಗೆ ಹಂಚಿ ಮುಗಿಸಿದ್ದರು.

ಡಾಕ್ಟರು ಸಣ್ಣ ವಯಸ್ಸಿನವರು. ಕೈಗವಸಿನಲ್ಲಿ ಮಂಜುಗಡ್ಡೆ ತುಂಬಿಸಿ ತರಿಸಿ, ಅದನ್ನು ನನ್ನ ಇಳಿದ ರೆಪ್ಪೆಯ ಮೇಲೆ ಇಟ್ಟರು. ಸ್ವಲ್ಪ ಹೊತ್ತಿನ ಮೇಲೆ ತೆಗೆದು ಕಣ್ಣು ಬಿಡಿ ಅಂದರು. ಬಿಟ್ಟೆ. ಎರಡೂ ಕಣ್ಣು ಸಮನಾಗಿ ತೆರೆದವು. "ಯಪ್ಪಾ, ಬರ್ಫ ಇಟ್ಟು ಕಣ್ಣ ತೆಗಿಸಿದ್ರಿ!" ಎಂದು ಅತ್ತೆ ಕೈ ಮುಗಿದುಬಿಟ್ಟರು. ನಾವೆಲ್ಲ ಖುಷಿಯಾಗಿದ್ದೆವು. ಡಾಕ್ಟರು ಮಾತ್ರ ಗಂಭೀರವಾದರು. ರೆಪ್ಪೆ ಮೇಲೆದ್ದದ್ದು ಗುಣವಾದದ್ದಲ್ಲ, ರೋಗ ಯಾವುದೆಂಬುದರ ಸುಳಿವು ಅಂತ ಆಗ ಗೊತ್ತಾಯಿತು.

ರಕ್ತದ ಪರೀಕ್ಷೆಯಾಯಿತು, ನರಕ್ಕೆ ಸಣ್ಣ ಸಣ್ಣ ಕರೆಂಟು ಕೊಟ್ಟು ನೋಡಿದರು, ಎದೆಯ ಸ್ಕ್ಯಾನ್ ಆಯಿತು. ರೋಗದ ಹೆಸರು ಮಯಸ್ತೇನಿಯಾ ಅಂದರು. ಅತ್ತೆ ಅದನ್ನು ಒಮ್ಮೆ ಬಾಯಲ್ಲಿ ತಿರುಗಿಸಿ ನೋಡಿ, "ಮೈ ಸೋತೇನಿ? ಖರೇ ಹೆಸರಿಟ್ಟಾರ ಬಿಡ್ರಿ. ಮುಂಜಾನಿಂದ ಸಂಜಿಮಟ ಈಕಿ ಅನ್ನೂದೂ ಅದನ್ನ, ಮೈ ಸೋತೇನಿ ಅಂತ" ಅಂದರು. ಡಾಕ್ಟರು ನಕ್ಕರು. ಅಂದಿನಿಂದ ನಮ್ಮ ಮನೆಯಲ್ಲಿ ನನ್ನ ರೋಗಕ್ಕೆ ಅದೇ ಹೆಸರು. ಹೆಸರು ನಮ್ಮ ಭಾಷೆಯದಾದ ಮೇಲೆ ಹೆದರಿಕೆಯೂ ಸ್ವಲ್ಪ ಕಡಿಮೆಯಾಯಿತು ಅಂದರೆ ನಂಬಬೇಕು.

ಆದರೆ ಸ್ಕ್ಯಾನಿನಲ್ಲಿ ಇನ್ನೊಂದು ವಿಷಯ ಕಂಡಿತ್ತು. ಎದೆಮೂಳೆಯ ಹಿಂದಿನ ಒಂದು ಗ್ರಂಥಿ ಬೆಳೆದಿತ್ತು, ಅದನ್ನು ತೆಗೆಯಬೇಕಾಗಿತ್ತು. ಗುಳಿಗೆಯಿಂದ ಮೈಯನ್ನು ಸ್ವಲ್ಪ ಗಟ್ಟಿ ಮಾಡಿಕೊಂಡು ಆಮೇಲೆ ಆಪರೇಶನ್ ಅಂದರು. ಕಣ್ಣಿನ ಹಾಗೆ ಉಸಿರೂ ಸೋತರೆ ಕೆಲವು ದಿನ ಮಷಿನ್ ಹಚ್ಚಬೇಕಾಗಬಹುದು ಎಂದೂ ಹೇಳಿದರು. ಆ ಮಾತು ನನ್ನ ತಲೆಯಿಂದ ಹೋಗಲಿಲ್ಲ. ಬಸ್ಸಿನಲ್ಲಿ ಊರಿಗೆ ಮರಳುವಾಗ ಉಸಿರನ್ನೇ ಎಣಿಸುತ್ತ ಕುಳಿತಿದ್ದೆ. ಅತ್ತೆ ಕಿಟಕಿಯ ಕಡೆ ಮುಖ ಮಾಡಿ, "ಎದಿ ಕೊಯ್ಸೂದು ಬ್ಯಾಡ. ಗುಳಿಗಿ ನುಂಗಿಕೋತ ಇರಲಿ" ಎಂದು ಖಡಾಖಂಡಿತ ಹೇಳಿಬಿಟ್ಟರು.

ಆ ಭಾನುವಾರ ನನ್ನ ಲೇಖಕಿ ಮಾತಾಡಿದ್ದು "ಏಳು ಕೋಟೆ" ಎಂಬ ಕಾದಂಬರಿಯ ಬಗ್ಗೆ. ಅತ್ತೆ ರೊಟ್ಟಿ ಬಡಿಯುತ್ತಿದ್ದರು, ನಾನು ಅಡುಗೆಮನೆಯ ಗೋಡೆಗೆ ಒರಗಿ ಮೊಬೈಲ್ ಹಚ್ಚಿದ್ದೆ. ಒಬ್ಬ ರಾಕ್ಷಸ ಒಂದು ಊರಿನ ದನಿಗಳನ್ನೆಲ್ಲ ಕದ್ದೊಯ್ದಿದ್ದಾನೆ: ಬಾವಿಯ ಗಾಲಿಯ ಸದ್ದು, ಬಳೆಯ ಸದ್ದು, ಕೂಸಿನ ಅಳು. ಅವನ್ನು ತರಲು ಒಬ್ಬ ಹುಡುಗಿ ಏಳು ಕೋಟೆ ದಾಟಿ ಹೋಗುತ್ತಾಳೆ. ಜೊತೆಗಿರುವುದು ಒಂದು ಮುದಿ ಹುಂಜ. ಅದಕ್ಕೆ ಮಾತು ಬರುತ್ತದೆ, ಕೂಗು ಮಾತ್ರ ಕಳುವಾಗಿದೆ. ಲೇಖಕಿ ಇಷ್ಟು ಹೇಳಿ, "ಇದಕ್ಕಿಂತ ಹೆಚ್ಚು ಹೇಳುವುದಿಲ್ಲ. ಆರನೇ ಕೋಟೆಯಲ್ಲಿ ನಾನು ಅತ್ತೆ" ಅಂದರು.

ರೊಟ್ಟಿ ಬಡಿಯುವ ಸದ್ದು ನಿಂತಿತು. "ಏನಂದ್ಲು? ಆರನೇ ಕೋಟ್ಯಾಗ ಆಕಿ ಅತ್ತೀನ? ಯಾರಿಗಿ ಅತ್ತಿ?"

ಲೇಖಕಿ ಕಣ್ಣೀರು ಹಾಕಿದ್ದನ್ನು ಹೇಳಿದ್ದು ಎಂದು ವಿವರಿಸಬೇಕೆಂದಿದ್ದೆ. ಸಂಜೆಯ ಹೊತ್ತು, ಬಾಯಿ ಸೋತಿತ್ತು. ಅದರ ಮೇಲೆ ನಗು ಬೇರೆ ಬಂತು. ನನ್ನ ನಗುವನ್ನು ಎಂದಿನಂತೆ ಅಳುವೆಂದು ತಿಳಿದ ಅತ್ತೆ, ಹಿಟ್ಟಿನ ಕೈಯಲ್ಲೇ ನನ್ನ ತಲೆ ಸವರಿ, "ಅಳಬ್ಯಾಡ ಯವ್ವಾ. ಆ ಪುಸ್ತಕ ತರಿಸೂಣು. ಅತ್ತಿ ಇರೂ ಕತಿ ಅಂದ್ರ ಭಾರೀನ ಇರತೈತಿ" ಅಂದರು. ಅವರ ಮನಸ್ಸಿನಲ್ಲಿ ಆರನೇ ಕೋಟೆಯೊಳಗೆ ಒಬ್ಬ ಅತ್ತೆ ಕುಳಿತೇಬಿಟ್ಟಳು. ಮರುದಿನ ಬೆಳಿಗ್ಗೆ ಬಾಯಿ ಚೆನ್ನಾಗಿದ್ದಾಗ ತಿದ್ದಬಹುದಿತ್ತು. ಅವರ ಉತ್ಸಾಹ ನೋಡಿ ನನಗೇ ಮನಸ್ಸಾಗಲಿಲ್ಲ.

ನಮ್ಮವರು ಗುಳಿಗೆ ತರಲು ವಿಜಯಪುರಕ್ಕೆ ಹೋದವರು ಪುಸ್ತಕದಂಗಡಿಗೂ ಹೋದರು. ಅವರ ಜೀವಮಾನದಲ್ಲಿ ಅದೇ ಮೊದಲು. ನಮ್ಮ ಕಡೆ ಮನೆ ಮನಿಯಾಗುತ್ತದೆ, ಮಳೆ ಮಳಿಯಾಗುತ್ತದೆ, ಹಾಗೆಯೇ ಕೋಟೆ ಕೋಟಿಯಾಗುತ್ತದೆ. "ಏಳ ಕೋಟಿ ಪುಸ್ತಕ ಐತೇನ್ರಿ?" ಎಂದು ಕೇಳಿದ್ದಾರೆ. ಅಂಗಡಿಯವರು, "ಮೈಲಾರಪ್ಪಂದೇನ್ರಿ?" ಅಂದಿದ್ದಾರೆ. ಇವರಿಗೆ ಆಶ್ಚರ್ಯ. "ಹೌದ್ರಿ, ನಾನ ಮೈಲಾರಪ್ಪ. ನಿಮಗ ಹೆಂಗ ಗೊತ್ತಾತ್ರಿ?" ಎಂದು ನಗುತ್ತ, ಕೊಟ್ಟದ್ದನ್ನು ಚೀಲಕ್ಕೆ ಹಾಕಿಕೊಂಡು ಬಂದಿದ್ದಾರೆ. ಮನೆಯಲ್ಲಿ ಬಿಚ್ಚಿ ನೋಡಿದರೆ ಮೈಲಾರಲಿಂಗನ ಭಕ್ತಿಗೀತೆಗಳ ಪುಸ್ತಕ. "ಏಳು ಕೋಟಿಗೋ, ಏಳು ಕೋಟಿಗೋ" ಎಂದು ಭಕ್ತರು ಆ ದೇವರಿಗೆ ಜೈಕಾರ ಹಾಕುತ್ತಾರಲ್ಲ, ಅಂಗಡಿಯವರು ತಿಳಿದದ್ದು ಅದನ್ನು.

ನನಗೆ ನಿರಾಶೆಯಾಯಿತು ಎನ್ನುವಷ್ಟರಲ್ಲಿ ಅತ್ತೆ ಪುಸ್ತಕದ ಮೇಲಿನ ಕುದುರೆ ಏರಿದ ದೇವರನ್ನು ನೋಡಿದರು. ಮೈಲಾರಲಿಂಗ ಅವರ ತವರಿನ ಮನೆದೇವರು, ಮಗನಿಗೆ ಹೆಸರಿಟ್ಟದ್ದೂ ಅವನದೇ. ಎರಡೂ ಕೈಯಲ್ಲಿ ಪುಸ್ತಕ ಎತ್ತಿ ಕಣ್ಣಿಗೊತ್ತಿಕೊಂಡು, ದೇವರ ಜಗಲಿಯ ಮೇಲಿಟ್ಟು, ಅರಿಶಿನದ ಭಂಡಾರ ತಂದು ನನ್ನ ಹಣೆಗೆ ಬಳಿದರು. "ಕರೀಲಾರದ ಅಪ್ಪ ಮನಿಗೆ ಬಂದಾನ. ಲೇ ಮೈಲಾರಿ, ಡಾಕ್ಟರಿಗೆ ಹೇಳು, ತಾರೀಖ ಕೊಡಲಿ. ಇನ್ನ ಅಂಜಿಕಿ ಇಲ್ಲ." ತಾನೊಂದು ಬಗೆದರೆ ದೈವವೊಂದು ಬಗೆಯಿತು ಎಂದು ನಾವು ಸಾಮಾನ್ಯವಾಗಿ ದುಃಖದಲ್ಲಿ ಹೇಳುತ್ತೇವೆ. ಆ ದಿನ ನನಗೆ ಅದು ನಗುತ್ತ ಹೇಳುವ ಮಾತಾಯಿತು.

ನಿಜವಾದ "ಏಳು ಕೋಟೆ" ಅಂಚೆಯಲ್ಲಿ ಬಂತು. ನಾನು ಮೊದಲ ಪುಟ ತೆರೆದೆ. ಸಾಲು ಎರಡಾಯಿತು, ಅಕ್ಷರಗಳು ಒಂದರ ಮೇಲೊಂದು ಹತ್ತಿದವು. ಒಂದು ಕಣ್ಣು ಮುಚ್ಚಿ ನೋಡಿದೆ, ಇನ್ನೊಂದು ತಾನೇ ಮುಚ್ಚಿಕೊಂಡಿತು. ಅಂದು ನಾನು ನಿಜವಾಗಿ ಅತ್ತೆ. ಬದುಕಿ ಉಳಿದರೂ ಇನ್ನು ಓದಲಾರೆನೇನೋ ಎಂಬ ಹೆದರಿಕೆ ನನ್ನನ್ನು ಹಿಂಡಿತು. ನಮ್ಮವರು ಶೆಡ್ಡಿನಿಂದ ಬಂದು ಕೈಕಾಲು ತೊಳೆದು, ಪುಸ್ತಕ ಕೈಯಲ್ಲಿ ಹಿಡಿದು ಹಿಂದೆ ಮುಂದೆ ತಿರುಗಿಸಿ, "ನಾ ಓದತೇನಿ. ಆದ್ರ ನಗಬಾರದ ನೋಡು" ಅಂದರು.

ಹೇಗೆ ನಗದಿರಲಿ! ಅವರು ಓದುತ್ತಿದ್ದುದು ಪೇಪರಿನ ದ್ರಾಕ್ಷಿ ದರ ಮಾತ್ರ. ಪುಸ್ತಕದ ಕನ್ನಡ ಅವರ ಬಾಯಲ್ಲಿ ನಿಲ್ಲಲಿಲ್ಲ. ಮೊದಲ ಪುಟದಲ್ಲಿ "ಹುಡುಗಿಯು ದಿಗ್ಭ್ರಾಂತಳಾಗಿ ನಿಂತಳು" ಎಂದಿದ್ದಲ್ಲಿ ಎರಡು ಸಲ ಎಡವಿ, "ಹುಡಗಿ ಗಾಬರ್‍ಯಾಗಿ ನಿಂತ್ಲು, ಮುಂದ" ಎಂದು ಹಾರಿದರು. ಮೂರನೇ ಪುಟಕ್ಕೆ ಇಡೀ ರಾಜ್ಯವೇ ಬಬಲೇಶ್ವರದ ಕನ್ನಡ ಮಾತಾಡುತ್ತಿತ್ತು. ರಾಕ್ಷಸ, "ಯಾಂವಲೇ ಅಂವ, ನನ್ನ ಕೋಟ್ಯಾಗ ಬಂದಾಂವ?" ಎಂದು ಗುಡುಗಿದ. ಹುಂಜ, "ಸಿಟ್ಟಾಗಬ್ಯಾಡ್ರಿ ಸಾವಕಾರ್ರ, ಬರೇ ಹಾದು ಹೊಂಟೇವಿ" ಅಂದಿತು. ಅತ್ತೆಗೆ ಹುಂಜ ಅಂದರೆ ಪಂಚಪ್ರಾಣವಾಯಿತು. ದಿನಾ ಸಂಜೆ ಗುಳಿಗೆ ನುಂಗಿದ ಮೇಲೆ ನನಗೆ ಸ್ವಲ್ಪ ಹೊತ್ತು ಬಾಯಿ, ದವಡೆ ಹದಕ್ಕೆ ಬರುತ್ತಿದ್ದವು. ಊಟವೂ ಓದೂ ಆ ಹೊತ್ತಿನಲ್ಲಿಯೇ. ಓದು ಮುಗಿದಾಗ ಅತ್ತೆಯದು ಒಂದೇ ಪ್ರಶ್ನೆ: "ಅತ್ತಿ ಇನ್ನಾ ಬರಲಿಲ್ಲೇನ?" ನಮ್ಮವರು ಅರ್ಥವಾಗದೆ ನನ್ನ ಮುಖ ನೋಡಿದರು. ನಾನು ಗುಟ್ಟಾಗಿ ಅವರಿಗೆ ವಿಷಯ ಹೇಳಿದೆ. "ಅಯ್ಯ, ಇದಂತೂ ಖರೇ ಫಜೀತಿ ಪುಸ್ತಕ ಆತು" ಅಂದರು.

ಔಷಧಿಯಿಂದ ಮುಖ ಊದಿ ಉರುಟಾಯಿತು, ಹಸಿವು ಹೆಚ್ಚಾಯಿತು. "ದ್ರಾಕ್ಷಿ ಒಣಗಿ ಮನೂಕ ಆಗೂದು ನೋಡೇನಿ. ಈಕಿ ಮನೂಕ ಇದ್ದಾಕಿ ದ್ರಾಕ್ಷಿ ಆಗ್ಯಾಳ" ಎಂದು ನಮ್ಮವರು ಬಂದವರೆದುರು ಹೇಳಿ ನಗಿಸುತ್ತಿದ್ದರು. ಆಸ್ಪತ್ರೆಯ ಬೆಂಚಿನ ಮೇಲೆ ಅರಕೇರಿಯ ಶಾರದಾ ಸಿಕ್ಕಳು. ಅವಳಿಗೂ ನನ್ನದೇ ರೋಗ. ನನ್ನಂತೆಯೇ ಮಾತಾಡುವಾಗ ಗದ್ದಕ್ಕೆ ಕೈಯಾಸರೆ ಕೊಟ್ಟುಕೊಳ್ಳುತ್ತಿದ್ದಳು. ಅವಳ ಆ ಕೈ ನೋಡಿದಾಗ ನನಗೆ ಎಷ್ಟು ಸಮಾಧಾನವಾಯಿತೋ ಅಷ್ಟು ಯಾವ ಗುಳಿಗೆಯಿಂದಲೂ ಆಗಿರಲಿಲ್ಲ. ಇಯರ್‌ಫೋನಿನ ಒಂದು ತುದಿ ನನ್ನ ಕಿವಿಗೆ, ಇನ್ನೊಂದು ಅವಳಿಗೆ. ನನ್ನ ಲೇಖಕಿ ಹೇಳುವ ಹೊಸ ಹೊಸ ಪುಸ್ತಕಗಳ ಮಾತು ಕೇಳುತ್ತ ನಮ್ಮ ಸರದಿ ಬಂದದ್ದೂ ಗೊತ್ತಾಗುತ್ತಿರಲಿಲ್ಲ. ಒಮ್ಮೆ ನರ್ಸಮ್ಮ ಹೆಸರು ಕೂಗಿ ಕೂಗಿ ಬೇಸತ್ತು, ಬಂದು ಇಬ್ಬರ ಕಿವಿಯಿಂದಲೂ ಕಿತ್ತಳು.

ಐದನೇ ಕೋಟೆ ದಾಟಿದಾಗ ಆಪರೇಶನ್ನಿನ ದಿನ ಗೊತ್ತಾಯಿತು. ಆರನೆಯದು ಆಸ್ಪತ್ರೆಯ ವಾರ್ಡಿನಲ್ಲಿ, ಆಪರೇಶನ್ನಿನ ಹಿಂದಿನ ಸಂಜೆ. ಅತ್ತೆ ಕಾಲ ಬಳಿ ಕುಳಿತಿದ್ದರು. ಔಷಧಿ ಹೆಚ್ಚಿಸಲು ದಾಖಲಾಗಿದ್ದ ಶಾರದಾ ಪಕ್ಕದ ಮಂಚದಲ್ಲಿದ್ದಳು. ನಮ್ಮವರು ಓದಲು ಶುರು ಮಾಡಿದರು. ಆರನೇ ಕೋಟೆಗೆ ಒಂದೇ ಬಾಗಿಲು. ಬಾಗಿಲಲ್ಲಿ ಕಾವಲಿನ ದೈತ್ಯ. "ಇಬ್ರು ಬಂದೀರಿ. ಒಬ್ರು ಮುಂದ ಹೋಗ್ರಿ, ಒಬ್ರು ಇಲ್ಲೇ ಉಳೀಬೇಕು" ಅನ್ನುತ್ತಾನೆ. ಇಲ್ಲಿಯೇ ನನ್ನ ಲೇಖಕಿ ಕಣ್ಣೀರಿಟ್ಟಿದ್ದು ಎಂದು ಗೊತ್ತಿದ್ದ ನಾನು ಹೊದಿಕೆಯ ಅಂಚು ಬಿಗಿಯಾಗಿ ಹಿಡಿದೆ.

ನಮ್ಮವರು ಪುಟ ತಿರುವಿದರು. ನಿಂತರು. ಒಮ್ಮೆ ನನ್ನ ಕಡೆ ನೋಡಿ, ಮತ್ತೆ ಪುಸ್ತಕಕ್ಕೆ ಕಣ್ಣಿಟ್ಟು, ಎಂದೂ ಓದದಷ್ಟು ಸರಾಗವಾಗಿ ಓದಿದರು: "ಅಷ್ಟರಾಗ ಹಿಂದಿನ ಬಾಗಲಾ ದೂಡಿಕೊಂಡು ಒಬ್ಬಾಕಿ ಅತ್ತಿ ಬಂದ್ಲು."

"ಬಂದ್ಲಾ!" ಎಂದು ಅತ್ತೆ ಮಂಚ ಗುದ್ದಿದರು.

ನಮ್ಮವರು ಮುಂದೆ ಓದಿದರು: "ಬಂದಾಕಿನ, ಲೇ ಹುಚ್ಚಪ್ಯಾಲಿ, ಬಾಗಲದಾಗ ಯಾಕ ನಿಂದ್ರಿಸೀದಿ ಇವರನ್ನ? ಇಲ್ಲಿ ಯಾರೂ ಹಿಂದ ಉಳಿಯೂದಿಲ್ಲ. ಎಲ್ಲಾರೂ ನಡೀರಿ ಊಟಕ್ಕ, ರೊಟ್ಟಿ ಆರಾಕತ್ತಾವ. ನೀನೂ ಬಾ, ಅಂದ್ಲು. ಆ ದೈತ್ಯಾಗ ಹುಟ್ಟಿದಾಗಿಂದ ಯಾರೂ ಊಟಕ್ಕ ಕರದಿರಲಿಲ್ಲ. ಅಂವ ಬಾಗಲಾ ಬಿಟ್ಟು ಎದ್ದ."

ವಾರ್ಡೆಲ್ಲ ನಕ್ಕಿತು. ಶಾರದಾ ಗದ್ದ ಹಿಡಿದುಕೊಂಡು ನಕ್ಕಳು. ಅತ್ತೆ, "ಖರೇ ಅತ್ತಿ ಅಂದ್ರ ಹಿಂಗಿರಬೇಕು ನೋಡ್ರಿ" ಎಂದು ಎಲ್ಲರಿಗೂ ಹೇಳಿದರು. ನಾನೂ ನಕ್ಕೆ. ಬರೆದವರಿಗೆ ನಮ್ಮ ಮನೆಯ ಮಾತು ಹೇಗೆ ತಿಳಿಯಿತು ಎಂಬ ಅನುಮಾನ ಬರಲಿಲ್ಲವೇ ಎಂದು ನೀವು ಕೇಳಬಹುದು. ಇಡೀ ಪುಸ್ತಕವನ್ನೇ ಅವರು ನಮ್ಮ ಮಾತಿಗೆ ಇಳಿಸಿದ್ದರಲ್ಲ, ಇದನ್ನೂ ಹಾಗೆಯೇ ಎಂದುಕೊಂಡೆ. ಮಗ್ಗುಲಾಗುವಾಗ ಮಾತ್ರ, ನನ್ನ ಲೇಖಕಿಗೆ ಇಲ್ಲಿ ಅಳು ಎಲ್ಲಿಂದ ಬಂತು ಎಂಬ ಪ್ರಶ್ನೆ ಒಮ್ಮೆ ಹಾದುಹೋಯಿತು. ಯಾರೂ ಹಿಂದೆ ಉಳಿಯುವುದಿಲ್ಲ ಎಂಬ ಮಾತು ಹಿಡಿದುಕೊಂಡು ಕಣ್ಣು ಮುಚ್ಚಿದೆ. ಬೆಳಿಗ್ಗೆ ಸ್ಟ್ರೆಚರಿನ ಮೇಲೆ ಹೋಗುವಾಗಲೂ ಬಾಯಲ್ಲಿ ಅದೇ ಇತ್ತು.

ಎಚ್ಚರವಾದಾಗ ಗಂಟಲಲ್ಲಿ ಕೊಳವೆ ಇತ್ತು, ಎದೆ ಭಾರವಾಗಿತ್ತು. ಹೆದರಿದೆ. ಆಮೇಲೆ ಅದನ್ನು ತೆಗೆದರು. ಒಂದು ಉಸಿರು ಬಂತು, ಅದರ ಹಿಂದೆ ಇನ್ನೊಂದು, ಅವುಗಳ ಪಾಡಿಗೆ ಅವು ಬರುತ್ತಲೇ ಇದ್ದವು. ಅಂಥ ಸುಖವನ್ನು ನಾನು ಮೊದಲೂ ಕಂಡಿಲ್ಲ, ಆಮೇಲೂ ಕಂಡಿಲ್ಲ. ನಮ್ಮವರನ್ನು ಒಳಗೆ ಬಿಟ್ಟರು. ಅವರ ಕಣ್ಣು ಕೆಂಪಾಗಿದ್ದವು. ಏನು ಹೇಳಬೇಕೆಂದು ತಿಳಿಯದೆ ಬಗ್ಗಿ ನನ್ನ ಕಿವಿಯಲ್ಲಿ, "ಏಳನೇ ಕೋಟಿ ದಾಟ್ಯಾರ. ಹುಂಜ ಕೂಗ್ಯದ" ಅಂದರು.

ಎಲ್ಲ ಒಮ್ಮೆಗೇ ಸರಿಹೋಗಲಿಲ್ಲ. ಈಗಲೂ ಗುಳಿಗೆ ಇದೆ, ಮಧ್ಯಾಹ್ನ ಅಡ್ಡಾಗದಿದ್ದರೆ ಸಂಜೆ ರೆಪ್ಪೆ ಜಗಳ ತೆಗೆಯುತ್ತದೆ. ಆದರೆ ಹಂತಹಂತವಾಗಿ ಎರಡು ಸೂಜಿ ಒಂದಾದವು, ಎರಡು ಸಾಲು ಒಂದಾದವು. ಒಂದು ಮಧ್ಯಾಹ್ನ ಅಂಗಡಿಯಲ್ಲಿ ಥಾನಿಗೆ ಬೆನ್ನು ಆನಿಸಿ "ಏಳು ಕೋಟೆ" ತೆರೆದೆ. ಅಕ್ಷರ ನಿಂತವು. ಸ್ವಂತ ಕಣ್ಣಿನಿಂದ ಇಡೀ ಒಂದು ಪುಟ ಓದಿದೆ. ಮರುದಿನ ಇನ್ನಷ್ಟು, ಅದರ ಮರುದಿನ ಇನ್ನಷ್ಟು. ಹೀಗೆ ಆರನೇ ಕೋಟೆಗೆ ಬಂದೆ.

ಅಲ್ಲಿ ಅತ್ತೆ ಇರಲಿಲ್ಲ. ದೈತ್ಯ ಒಬ್ಬರು ಉಳಿಯಬೇಕು ಅನ್ನುತ್ತಾನೆ. ಹುಂಜ ಹುಡುಗಿಯನ್ನು ಮುಂದೆ ಕಳಿಸಿ ತಾನು ಉಳಿಯುತ್ತದೆ. ಬಾಗಿಲು ಮುಚ್ಚುತ್ತದೆ. ಆ ಕತ್ತಲೆಯಲ್ಲಿ ಅದಕ್ಕೆ ಕಳೆದುಹೋದ ಕೂಗು ಮರಳಿ ಬರುತ್ತದೆ. ಒಂದೇ ಒಂದು ಸಲ ಕೂಗಿ ಸಾಯುತ್ತದೆ. ಹುಡುಗಿ ಬಾಗಿಲಿನ ಆಚೆ ಅದನ್ನು ಕೇಳುತ್ತಾಳೆ.

ಆರನೇ ಕೋಟೆಯಲ್ಲಿ ನಾನೂ ಅತ್ತೆ. ಹುಂಜಕ್ಕಾಗಿ ಅತ್ತದ್ದು ಸ್ವಲ್ಪ. ಆಪರೇಶನ್ನಿನ ಹಿಂದಿನ ಸಂಜೆ ಇದೇ ಪುಟದ ಮುಂದೆ ಕುಳಿತು, ಓದಲಾರದೆ, ತಮ್ಮ ತಾಯಿಯನ್ನು ಕೋಟೆಯೊಳಗೆ ಕರೆತಂದು ಬಾಗಿಲು ತೆಗೆಸಿದ ಮನುಷ್ಯನನ್ನು ನೆನೆದು ಅತ್ತದ್ದೇ ಹೆಚ್ಚು. ಫೋನ್ ಹಚ್ಚಿದೆ. ತಿಕೋಟಾದ ಶೆಡ್ಡಿನ ಗದ್ದಲ ಕೇಳಿತು.

"ಏನ್ರಿ, ಹುಂಜ ಸತ್ತೈತಲ್ರಿ."

"ಓದಿದೇನ?"

"ಓದಿನ್ರಿ."

"ನೀನ? ಎರಡೂ ಕಣ್ಣೀಲೆ?"

"ಎರಡೂ ಕಣ್ಣೀಲೆ."

"ಹಂಗಾರ ಸಾಯಲಿ ಬಿಡು ಹುಂಜ!" ಎಂದು ಅವರು ಶೆಡ್ಡಿಗೆಲ್ಲ ಕೇಳುವ ಹಾಗೆ ಕೂಗಿದರು. ಅಲ್ಲಿ ಯಾರೋ ಏನಾಯಿತೆಂದು ಕೇಳುತ್ತಿದ್ದರು, ಇವರು ನಗುತ್ತಲೇ ಇದ್ದರು.

ಫೋನ್ ಇಟ್ಟು ಕಣ್ಣು ಒರೆಸಿಕೊಳ್ಳುವಷ್ಟರಲ್ಲಿ ಅಂಗಡಿಯ ಬಾಗಿಲಿಗೆ ನೆರಳು ಬಿತ್ತು. ಅತ್ತೆ ಬುತ್ತಿಯ ಗಂಟು ಹಿಡಿದು ನಿಂತು ನನ್ನ ಮುಖ ನೋಡುತ್ತಿದ್ದರು.

"ನಗಾಕತ್ತೀಯೋ, ಅಳಾಕತ್ತೀಯೋ?"

"ಎರಡೂ ಅತ್ತೀ."

"ಪುಸ್ತಕ ಎಲ್ಲಿಗಿ ಬಂತು?"

"ಆರನೇ ಕೋಟಿಗಿ ಬಂತ್ರಿ."

ಅವರ ಮುಖ ಅರಳಿತು. "ಹೌದಾ? ಅತ್ತಿ ಬಂದ್ಲೇನ?"

ನಾನು ತೆರೆದ ಪುಟವನ್ನೊಮ್ಮೆ ನೋಡಿದೆ, ಬಾಗಿಲನ್ನೊಮ್ಮೆ ನೋಡಿದೆ. "ಬಂದ್ಲು ನೋಡ್ರಿ. ಬಾಗಲದಾಗ ನಿಂತಾಳ."

"ಹಂಗಾರ ಅದನ್ನ ಮುಚ್ಚಿಟ್ಟು ಏಳು" ಅಂದರು ಅತ್ತೆ, ಗಂಟು ಬಿಚ್ಚುತ್ತ. "ರೊಟ್ಟಿ ಆರಾಕತ್ತಾವ."